ಹಾಲಾ, ರಾಗಿಹಾಲಾ?

ನನ್ನ ತರಗತಿಯಲ್ಲಿ ಒಂದು ಲೋಟ ಹಾಲೂ ಉಳಿಯುವುದಿಲ್ಲ ಎಂದು ನಾನು ಬಹಳ ವರ್ಷ ಹೆಮ್ಮೆಪಟ್ಟುಕೊಂಡಿದ್ದೆ.

ನಾನು ಪಾಠ ಮಾಡುವ ಶಾಲೆ ಬನಶಂಕರಿಯ ಅಂಚಿನಲ್ಲಿದೆ. ಅದನ್ನು ಒಂದು ಟ್ರಸ್ಟ್ ನಡೆಸುತ್ತದೆ. ಮಕ್ಕಳ ಮಧ್ಯಾಹ್ನದ ಊಟ ಶಾಲೆಯ ಹಿಂಬದಿಯ ಅಡುಗೆಮನೆಯಲ್ಲೇ ತಯಾರಾಗುತ್ತದೆ. ಅನ್ನ, ಸಾಂಬಾರು, ಏನಾದರೊಂದು ಪಲ್ಯ, ಊಟ ಮುಗಿದ ಮೇಲೆ ಒಂದು ಲೋಟ ಬಿಸಿ ಹಾಲು. ಊಟದ ಹೊತ್ತಿನ ಮೇಲ್ವಿಚಾರಣೆಗೆ ಶಿಕ್ಷಕರಿಗೆ ಸರದಿಯುಂಟು. ಆದರೆ ನಾನು ಐದನೇ ತರಗತಿಯ ಟೀಚರು; ಸರದಿ ಇರಲಿ ಬಿಡಲಿ, ಹಾಲು ಹಂಚುವಾಗ ಹೋಗಿ ನಿಲ್ಲುತ್ತಿದ್ದೆ. ಯಾರ ಲೋಟದಲ್ಲಿ ತಳಕ್ಕೆ ಎಷ್ಟು ಉಳಿದಿದೆ ಎಂದು ಬಗ್ಗಿ ನೋಡುತ್ತಿದ್ದೆ.

ಇದಕ್ಕೆ ನಾನು ಬೆಳೆದ ಮನೆಯೂ ಕಾರಣ. ಜಯನಗರದ ನಮ್ಮ ಮನೆಯಲ್ಲಿ ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿದರೆ ಅಮ್ಮ ಆ ದಿನವೆಲ್ಲ ಮುಖ ಸಣ್ಣದು ಮಾಡಿಕೊಂಡಿರುತ್ತಿದ್ದಳು. ಜ್ವರ ಬಂದರೆ ಹಾಲು, ಪರೀಕ್ಷೆಗೆ ಹೊರಟರೆ ಹಾಲು. ಅಂಥಲ್ಲಿ ಬೆಳೆದ ನನಗೆ, ಬಿಸಿ ಹಾಲು ಕೈಗೆ ಕೊಟ್ಟರೂ ಬೇಡ ಎನ್ನುವ ಮಗು ಕೊಬ್ಬಿನಿಂದ ಹಾಗೆ ಹೇಳುತ್ತದೆ ಅಂತಲೇ ಅನ್ನಿಸುತ್ತಿತ್ತು.

ಎರಡು ವರ್ಷದ ಹಿಂದಿನ ಮಾತು. ಜೂನ್ ತಿಂಗಳಲ್ಲಿ ನನ್ನ ತರಗತಿಗೆ ಬೇರೆ ಶಾಲೆಯಿಂದ ಒಬ್ಬ ಹುಡುಗಿ ಬಂದು ಸೇರಿದಳು. ಹೊಸಕೆರೆಹಳ್ಳಿಯಿಂದ ನಡೆದು ಬರುತ್ತಿದ್ದಳು. ಹತ್ತು ವರ್ಷ, ತೆಳ್ಳಗಿನ ಮೈ, ಮಡಿಸಿ ಕಟ್ಟಿದ ಎರಡು ಜಡೆ. ಕನ್ನಡ ಪಾಠವನ್ನು ನಿಂತು ಗಟ್ಟಿಯಾಗಿ ಓದುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಬೆಳಗಿನ ಪೀರಿಯಡ್ಡುಗಳಲ್ಲಿ ಚುರುಕಾಗಿರುತ್ತಿದ್ದಳು. ಮಧ್ಯಾಹ್ನ ಊಟವಾಗಿ ಅರ್ಧ ಗಂಟೆಯಾಯಿತೋ ಇಲ್ಲವೋ, ಎದ್ದು ನಿಲ್ಲುತ್ತಿದ್ದಳು.

"ಮಿಸ್, ಟಾಯ್ಲೆಟ್‌ಗೆ ಹೋಗ್ಲಾ?"

ಮೊದಲ ವಾರ ಹೋಗು ಎಂದೆ. ಎರಡನೆಯ ವಾರ ದಿನವೂ ಇದೇ ಆದಾಗ ನನಗೆ ಅನುಮಾನ ಶುರುವಾಯಿತು. ಊಟದ ನಂತರದ ಪೀರಿಯಡ್ಡು ಗಣಿತದ್ದು. ಹೋದವಳು ಹದಿನೈದು ಇಪ್ಪತ್ತು ನಿಮಿಷ ಬರುತ್ತಿರಲಿಲ್ಲ. ಒಂದು ದಿನ ನಾನು ಬೋರ್ಡಿನ ಮುಂದೆ ನಿಂತೇ ಹೇಳಿದೆ: "ದಿನಾ ಕರೆಕ್ಟಾಗಿ ಇದೇ ಟೈಮಿಗೆ ಬರುತ್ತಾ ನಿಂಗೆ? ಭಿನ್ನರಾಶಿ ಕಂಡ್ರೆ ಹೊಟ್ಟೆನೋವಾ?"

ಮಕ್ಕಳೆಲ್ಲ ನಕ್ಕರು. ಅವಳು ಕೂತಳು. ಆ ಮಾತನ್ನು ನೆನೆದರೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ.

ಆಮೇಲೆ ಅವಳು ಕೇಳುವುದನ್ನೇ ಬಿಟ್ಟಳು. ಗೆದ್ದೆ ಎಂದುಕೊಂಡೆ. ಅವಳು ಮಧ್ಯಾಹ್ನ ಪೂರ್ತಿ ಹೊಟ್ಟೆಯ ಮೇಲೆ ಚೀಲ ಅವಚಿಕೊಂಡು ಕೂರುವುದನ್ನು ನೋಡಿದ್ದರೂ ಯಾಕೆಂದು ಕೇಳಲಿಲ್ಲ.

ಆಗಸ್ಟಿನ ಒಂದು ದಿನ, ಕೈ ತೊಳೆಯುವ ನಲ್ಲಿಗಳ ಹತ್ತಿರ ಅವಳು ಬೆನ್ನು ತಿರುಗಿಸಿಕೊಂಡು ಲೋಟದ ಹಾಲನ್ನು ಮೋರಿಗೆ ಬಗ್ಗಿಸುತ್ತಿದ್ದಳು. ನಾನು ಹಿಂದಿನಿಂದ ಹೋಗಿ ಹಿಡಿದೆ. ಬೈದೆ. ಎಷ್ಟು ಮಕ್ಕಳಿಗೆ ಒಂದು ಲೋಟ ಹಾಲು ಸಿಗಲ್ಲ ಗೊತ್ತಾ ಎಂದೆಲ್ಲ ಹೇಳಿದೆ. ಕೈಹಿಡಿದು ಕರೆದುಕೊಂಡು ಹೋಗಿ ಇನ್ನೊಂದು ಲೋಟ ತುಂಬಿಸಿ, ಮುಗಿಯುವವರೆಗೂ ಎದುರಿಗೇ ನಿಂತೆ. ಅವಳು ಕಣ್ಣು ಮುಚ್ಚಿಕೊಂಡು, ಉಸಿರು ಕಟ್ಟಿಕೊಂಡು ಕುಡಿದು ಮುಗಿಸಿದಳು.

ಗಣಿತದ ಪೀರಿಯಡ್ಡಿನ ಮಧ್ಯೆ ಹಿಂದಿನ ಬೆಂಚಿನಲ್ಲಿ ಗುಜುಗುಜು ಎದ್ದಿತು. ಒಬ್ಬ ಹುಡುಗಿ ಮೂಗು ಮುಚ್ಚಿಕೊಂಡು ಎದ್ದು ದೂರ ನಿಂತಳು. ನಾನು ಹತ್ತಿರ ಹೋದೆ. ಹೊಸ ಹುಡುಗಿ ಕೂತಲ್ಲೇ ಕೂತಿದ್ದಳು. ತಲೆ ಎತ್ತಲಿಲ್ಲ. ಭೇದಿಯಾಗಿ ಯೂನಿಫಾರ್ಮೆಲ್ಲ ಒದ್ದೆಯಾಗಿತ್ತು, ಬೆಂಚಿಗೂ ಆಗಿತ್ತು. ಅವಳು ಅಳುತ್ತಲೂ ಇರಲಿಲ್ಲ. ಅದು ನನ್ನನ್ನು ಇನ್ನೂ ಹೆದರಿಸಿತು.

ಮಕ್ಕಳನ್ನೆಲ್ಲ ಮೈದಾನಕ್ಕೆ ಕಳುಹಿಸಿ ಅವಳನ್ನು ಬಚ್ಚಲಿಗೆ ಕರೆದುಕೊಂಡು ಹೋದೆ. ವಿಷಯ ತಿಳಿದು ಅಡುಗೆಯಾಕೆ ಬಿಸಿನೀರಿನ ಬಕೆಟ್ ಹಿಡಿದು ಬಂದಳು. ನಾನು ಶಾಲೆಗೆ ಸೇರುವ ಮೊದಲಿನಿಂದ ಅಲ್ಲಿ ಅಡುಗೆ ಮಾಡುತ್ತಿರುವವಳು. ಎಲ್ಲರೂ ಅವಳನ್ನು ಅಕ್ಕ ಅಂತಲೇ ಕರೆಯುತ್ತೇವೆ. ಇಬ್ಬರೂ ಸೇರಿ ಮಗುವನ್ನು ತೊಳೆದು, ಆಫೀಸಿನ ಪೆಟ್ಟಿಗೆಯಲ್ಲಿದ್ದ ಬೇರೆ ಯೂನಿಫಾರ್ಮ್ ಹಾಕಿಸಿದೆವು. ಅವಳು ಹೊರಗೆ ಹೋಗಿ ಕೂತ ಮೇಲೆ ಅಕ್ಕ ಬಕೆಟ್ ತೊಳೆಯುತ್ತಾ, ನನ್ನ ಮುಖ ನೋಡದೆ ಹೇಳಿದಳು.

"ಈ ಮಗೂಗೆ ಹಾಲು ಆಗಲ್ಲ ಮಿಸ್. ನಂಗೆ ಮೊದ್ಲೇ ಅನ್ಸಿತ್ತು."

"ಅನ್ಸಿದ್ರೆ ನಂಗ್ಯಾಕೆ ಹೇಳ್ಲಿಲ್ಲ ಅಕ್ಕ?"

"ಹಾಲಿನ ವಿಷ್ಯದಲ್ಲಿ ನೀವು ಯಾರ ಮಾತು ಕೇಳ್ತೀರಾ?"

ಮುಖ್ಯೋಪಾಧ್ಯಾಯರಿಗೆ ಹೇಳಿ, ಆಟೋ ಹಿಡಿದು ನಾನೇ ಅವಳನ್ನು ಮನೆಗೆ ಕರೆದುಕೊಂಡು ಹೊರಟೆ. ದಾರಿಯಲ್ಲಿ, "ನನ್ನಿಂದ ತಪ್ಪಾಯ್ತು ಕಣೇ" ಎಂದೆ. "ಪರ್ವಾಗಿಲ್ಲ ಮಿಸ್" ಎಂದಳು. ದೊಡ್ಡವರು ಹೇಳುವ ಹಾಗೆ ಹೇಳಿದಳು. ನಾನು ರಸ್ತೆ ಕಡೆ ತಿರುಗಿಕೊಂಡೆ.

ಹೊಸಕೆರೆಹಳ್ಳಿಯ ಹಳೇ ಊರಿನ ಭಾಗದಲ್ಲಿ ಅವರದು ಎರಡು ಕೋಣೆಯ ಮನೆ. ಗೋಡೆಯ ಮೇಲೆ ಬುದ್ಧನ ಒಂದು ಚಿತ್ರ. ಅದರ ಕೆಳಗೆ ಹೊಲಿಗೆ ಮೆಷಿನ್ ಮುಂದೆ ಕೂತು ಅವಳ ತಾಯಿ ರವಿಕೆ ಹೊಲಿಯುತ್ತಿದ್ದಳು. ಶಾಲೆಯ ಹೊತ್ತಿನಲ್ಲಿ ಮಗಳ ಜೊತೆ ಟೀಚರನ್ನು ಕಂಡು ಎದ್ದು ನಿಂತಳು.

"ಏನ್ ಮಾಡಿದ್ಲು ಮಿಸ್?"

"ಅವಳೇನೂ ಮಾಡಿಲ್ಲ, ಕೂತ್ಕೊಳ್ಳಿ" ಎಂದು ನಡೆದದ್ದನ್ನೆಲ್ಲ ಹೇಳಿದೆ. ಭಿನ್ನರಾಶಿಯ ಮಾತನ್ನೂ ಮುಚ್ಚಿಡಲಿಲ್ಲ. ತಾಯಿ ಬೈಯಲಿಲ್ಲ. ಒಳಗೆ ಹೋಗಿ ಸ್ವಲ್ಪ ಹೊತ್ತಿಗೆ ನಿಂಬೆಹಣ್ಣು ಹಿಂಡಿದ ಕರೀ ಟೀ ತಂದುಕೊಟ್ಟಳು.

"ಹಾಲು ಹಾಕಿಲ್ಲ, ಬೇಜಾರ್ ಮಾಡ್ಕೋಬೇಡಿ. ನಮ್ಮನೇಲಿ ತರೋದೇ ಇಲ್ಲ. ನಮ್ಮಮ್ಮಂಗೂ ಆಗ್ತಿರಲಿಲ್ಲ, ನಂಗೂ ಆಗಲ್ಲ."

"ಹಾಗಾದ್ರೆ ಸ್ಕೂಲಿಗೆ ಒಂದು ಮಾತು ಹೇಳ್ಬಹುದಿತ್ತಲ್ಲ?"

"ನಾನೇ ಇವಳಿಗೆ ಹೇಳಿದ್ದು, ಕೊಟ್ಟಿದ್ದನ್ನ ಬೇಡ ಅನ್ಬೇಡ ಅಂತ. ಹೊಸ ಸ್ಕೂಲು. ಹೆಸರು ಕೆಡಿಸ್ಕೊಳ್ಳೋದು ಬೇಡ ಅಂತ." ಆಮೇಲೆ ಇನ್ನೊಂದು ಮಾತು ಸೇರಿಸಿದಳು. "ದಿನಾ ಹೊಟ್ಟೆನೋವು ಅಂತಾಳೆ. ತೂಕಾನೂ ಇಳೀತಿದೆ. ಒಳಗೆ ಏನಾದ್ರೂ ದೊಡ್ಡದು ಇದ್ರೆ ಅಂತ ಭಯ ನಂಗೆ. ನನ್ನ ತಮ್ಮಂಗೂ ಹೀಗೇ ಹೊಟ್ಟೆನೋವು ಅಂತ ಶುರುವಾಗಿತ್ತು. ಉಳೀಲಿಲ್ಲ."

ಮಾರನೆಯ ದಿನ ರಜೆ ಹಾಕಿ ತಾಯಿ ಮಗಳ ಜೊತೆ ತಿಲಕ್ ನಗರದ ಒಬ್ಬ ಮಕ್ಕಳ ಡಾಕ್ಟರ ಹತ್ತಿರ ಹೋದೆ. ಅವರು ಹುಡುಗಿಯ ಹೊಟ್ಟೆ ಮುಟ್ಟಿ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು, ಎಷ್ಟು ಹೊತ್ತಿಗೆ ಏನು ತಿಂದರೆ ಏನಾಗುತ್ತದೆ ಎಂದು ಅವಳನ್ನೇ ಕೇಳಿದರು. ಎರಡು ವಾರ ಹಾಲು ಪೂರ್ತಿ ನಿಲ್ಲಿಸಿ ಬನ್ನಿ ಎಂದರು. ಹುಡುಗಿ ನಾಲ್ಕು ದಿನ ಶಾಲೆಗೆ ಬರಲಿಲ್ಲ. ಇನ್ನು ಬರುವುದೇ ಇಲ್ಲವೇನೋ ಎಂದು ನಾನು ಹೆದರಿದೆ. ಐದನೆಯ ದಿನ ಬೆಳಿಗ್ಗೆ ಗೇಟಿನಲ್ಲಿ ಎರಡು ಜಡೆ ಕಂಡವು. ಅವಳು ಒಳಗೆ ಬರುವ ಮೊದಲೇ ತರಗತಿಗೆ ಹೇಳಿದೆ, ಅವತ್ತು ಆದದ್ದಕ್ಕೆ ನಾನು ಕಾರಣ, ಅದರ ಬಗ್ಗೆ ಯಾರೂ ಅವಳಿಗೆ ಒಂದು ಮಾತೂ ಅನ್ನಬಾರದು ಎಂದು. ಮೂಗು ಮುಚ್ಚಿಕೊಂಡು ಎದ್ದಿದ್ದ ಹುಡುಗಿಯೇ ಜರುಗಿ ಅವಳಿಗೆ ಜಾಗ ಮಾಡಿಕೊಟ್ಟಳು.

ಎರಡು ವಾರದ ಮೇಲೆ ಮತ್ತೆ ಡಾಕ್ಟರ ಹತ್ತಿರ ಹೋದೆವು. ಹೊಟ್ಟೆನೋವು ಅಷ್ಟರಲ್ಲಿ ನಿಂತೇಹೋಗಿತ್ತು. ಡಾಕ್ಟರು ನಕ್ಕರು.

"ಇದು ಕಾಯಿಲೇನೇ ಅಲ್ಲಮ್ಮ. ಹಾಲಲ್ಲಿ ಒಂಥರಾ ಸಕ್ಕರೆ ಇರುತ್ತೆ, ಅದು ಇವಳಿಗೆ ಅರಗಲ್ಲ. ತುಂಬಾ ಜನಕ್ಕೆ ಹೀಗೇ ಇರುತ್ತೆ. ಹಾಲು ಬಿಡಿ. ರಾಗಿ, ಎಳ್ಳು, ಸೊಪ್ಪು, ಬೇಳೆ ಚೆನ್ನಾಗಿ ಕೊಡಿ, ಸಾಕು."

"ಅಷ್ಟೇನಾ ಡಾಕ್ಟ್ರೇ?" ಎಂದಳು ತಾಯಿ.

"ಅಷ್ಟೇ."

ಹೊರಗೆ ಬಂದು ಬೆಂಚಿನ ಮೇಲೆ ಕೂತು ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಎಂದು ನಾನು ಭುಜ ಮುಟ್ಟಿದೆ. ಸೆರಗು ತೆಗೆದಾಗ ನೋಡಿದರೆ ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. "ಅಷ್ಟೇನಂತೆ ಮಿಸ್, ಅಷ್ಟೇನಂತೆ" ಎನ್ನುತ್ತಿದ್ದಳು. ನಾವು ಮೂವರೂ ಹೋಟೆಲಿಗೆ ಹೋಗಿ ಇಡ್ಲಿ ತಿಂದೆವು. ಹುಡುಗಿ ಎರಡನೆಯ ಪ್ಲೇಟ್ ಕೇಳಿದಳು.

ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಇನ್ನೂ ಎಷ್ಟು ಮಕ್ಕಳು ಹೀಗೇ ಇರಬಹುದು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಒಂದು ದಿನ ತರಗತಿಯಲ್ಲಿ ಎಲ್ಲರಿಗೂ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಹಾಲು ಕುಡಿದ ಮೇಲೆ ಹೊಟ್ಟೆ ಉಬ್ಬರಿಸುವವರು, ನೋವು ಬರುವವರು ಕೈ ಎತ್ತಿ, ಬೈಯಲ್ಲ ಎಂದೆ. ಒಂದೊಂದಾಗಿ ಆರು ಕೈ ಮೇಲೆದ್ದವು. ಅದರಲ್ಲಿ ಒಂದು, ನಾನು ಎಲ್ಲರಿಗೂ ಮಾದರಿ ಎಂದು ತೋರಿಸುತ್ತಿದ್ದ ಹುಡುಗನದು. ದಿನಾ ಎಲ್ಲರಿಗಿಂತ ಮೊದಲು ಲೋಟ ಖಾಲಿ ಮಾಡುತ್ತಿದ್ದವನು. ಆಮೇಲೆ ಕರೆದು ಕೇಳಿದರೆ, "ಬೇಗ ಮುಗಿಸಿಬಿಟ್ರೆ ಒಳ್ಳೇದಲ್ವಾ ಮಿಸ್" ಎಂದ.

ನಾನು ಮುಖ್ಯೋಪಾಧ್ಯಾಯರ ಕೋಣೆಗೆ ಹೋದೆ. ಅವರು ಒಳ್ಳೆಯವರು, ಆದರೆ ನಿವೃತ್ತಿ ಹತ್ತಿರವಿದ್ದುದರಿಂದ ಹೊಸದೆಂದರೆ ಗಾಬರಿ.

"ಆಗದೇ ಇರೋರು ಕುಡಿಯೋದು ಬೇಡ ಬಿಡಿ ಮೇಡಂ."

"ಸಾರ್, ಉಳಿದೋರು ಕುಡೀವಾಗ ಇವರು ಬರೀ ಕೈಲಿ ಕೂತಿರ್ಬೇಕಾ? ಗಿಡದಿಂದ ಬರೋ ಹಾಲೂ ಇದೆಯಲ್ಲ, ಅದನ್ನ ಕೊಡೋಣ."

"ಗಿಡದಿಂದ ಹಾಲಾ?"

ನನಗೂ ಆಗ ಅದರ ಬಗ್ಗೆ ಹೆಚ್ಚು ಗೊತ್ತಿರಲಿಲ್ಲ. ಜಯನಗರದ ಸೂಪರ್ ಮಾರ್ಕೆಟ್ಟಿನಿಂದ ಒಂದು ಡಬ್ಬಿ ಸೋಯಾ ಹಾಲು ತಂದು ಆ ಆರು ಮಕ್ಕಳಿಗೆ ರುಚಿ ನೋಡಲು ಕೊಟ್ಟೆ. "ಹಸಿ ಕಡ್ಲೆಹಿಟ್ಟಿನ ವಾಸನೆ ಮಿಸ್" ಎಂದು ಮುಖ ಕಿವುಚಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕನಿಗೆ ಅದನ್ನು ನೋಡಿ ತಡೆಯಲಾಗಲಿಲ್ಲ.

"ಡಬ್ಬಿ ಹಾಲು ಯಾಕೆ? ನಾವು ಕಾಯಿಹಾಲು ತೆಗೆಯಲ್ವಾ, ರಾಗಿಹಾಲು ತೆಗೆಯಲ್ವಾ? ಗ್ರೈಂಡರ್ ಇದೆ, ರಾಗಿ ಇದೆ. ನಾನ್ ಮಾಡ್ತೀನಿ."

ಅಷ್ಟು ಸುಲಭವೇನೂ ಆಗಲಿಲ್ಲ. ಮೊದಲ ಸಲ ನೆನೆಸಿದ ರಾಗಿಯನ್ನು ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಕುದಿಸಿದಾಗ ಸೌಟು ನಿಲ್ಲುವಷ್ಟು ಗಟ್ಟಿಯಾಯಿತು. "ಇದನ್ನ ಕುಡಿಯೋದಾ, ತಿನ್ನೋದಾ?" ಎಂದು ಮಕ್ಕಳು ಕೇಳಿದರು. ಎರಡನೆಯ ಸಲ ನೀರು ಹೆಚ್ಚು ಮಾಡಿ, ಕಾಯಿಹಾಲು ಸೇರಿಸಿ ಕುದಿಸಿದರೆ ಕಾಯಿಹಾಲು ಒಡೆದುಹೋಯಿತು. ಮೂರನೆಯ ಸಲ ಅಕ್ಕ ಪಾತ್ರೆ ಕೆಳಗಿಳಿಸಿದ ಮೇಲೆ ಕಾಯಿಹಾಲು ಬೆರೆಸಿ, ಬೆಲ್ಲ ಹಾಕಿ, ಒಂದಿಷ್ಟು ಏಲಕ್ಕಿ ಉದುರಿಸಿದಳು. ನಾನೂ ಅವಳೂ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಕುಡಿದೆವು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇನ್ನರ್ಧ ಲೋಟ ಹಾಕು ಎಂದೆ. ಡಾಕ್ಟರಿಗೆ ಫೋನ್ ಮಾಡಿ ಹೇಳಿದಾಗ ಅವರೂ ಒಪ್ಪಿದರು. ಕಡಲೆಕಾಯಿ ಮಾತ್ರ ಬೆರೆಸಬೇಡಿ, ಕೆಲವು ಮಕ್ಕಳ ಮೈಗೆ ಒಗ್ಗುವುದಿಲ್ಲ ಎಂದರು.

ಉಳಿದದ್ದು ಪೋಷಕರ ಸಭೆ. ಮುಖ್ಯೋಪಾಧ್ಯಾಯರು ಎಲ್ಲವನ್ನೂ ಕ್ರಮವಾಗಿ ಯೋಚಿಸಿಟ್ಟುಕೊಂಡಿದ್ದರು. ಹಾಲು ಆಗದ ಮಕ್ಕಳು ಡಾಕ್ಟರ ಚೀಟಿ ತರಬೇಕು, ಅವರ ಹೆಸರಿನ ಪಟ್ಟಿ ಗೋಡೆಗೆ ಅಂಟಿಸಬೇಕು, ಗೊಂದಲವಾಗದ ಹಾಗೆ ಅವರದೇ ಬೇರೆ ಲೈನು, ಬೇರೆ ಲೋಟ. ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಹಿಂದಿನ ಸಾಲಿನಿಂದ ಆ ಹುಡುಗಿಯ ತಾಯಿ ಎದ್ದು ನಿಂತಳು.

"ಬೇರೆ ಲೈನ್ ಬೇಡ ಸಾರ್."

"ಅಲ್ಲಮ್ಮ, ಮಕ್ಕಳ ಒಳ್ಳೇದಕ್ಕೇ..."

"ಗೊತ್ತು ಸಾರ್. ನಮ್ಮಮ್ಮ ಸ್ಕೂಲಿಗೆ ಹೋಗ್ತಿದ್ದಾಗ ಅವಳಿಗೆ ಲೋಟಾನೇ ಕೊಡ್ತಿರಲಿಲ್ಲ. ಬೊಗಸೆ ಹಿಡಿದ್ರೆ ಮೇಲಿಂದ ನೀರು ಹುಯ್ಯೋರು. ಅವಳು ಸಾಯೋವರೆಗೂ ಅದನ್ನ ಹೇಳ್ತಿದ್ಲು. ನನ್ನ ಮಗಳಿಗೆ ಬೇರೆ ಲೈನು, ಬೇರೆ ಲೋಟ ಅಂತ ಆಗೋದಾದ್ರೆ ಅವಳಿಗೆ ಏನೂ ಬೇಡ. ನೀರು ಕುಡೀತಾಳೆ."

ಅವಳ ದನಿ ಏರಿರಲಿಲ್ಲ. ಕೈ ಮಾತ್ರ ಮುಂದಿನ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದಿತ್ತು. ಮುಖ್ಯೋಪಾಧ್ಯಾಯರು ಕನ್ನಡಕ ತೆಗೆದು ಒರೆಸತೊಡಗಿದರು. ಎಲ್ಲರಿಗೂ ರುಚಿ ತೋರಿಸಲು ರಾಗಿಹಾಲಿನ ಪಾತ್ರೆ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದ ಅಕ್ಕನೇ ಮಾತಾಡಿದಳು.

"ಒಂದೇ ಟೇಬಲ್ ಮೇಲೆ ಎರಡು ಪಾತ್ರೆ ಇಡ್ತೀನಿ ಸಾರ್. ಅದೇ ಲೈನು, ಅದೇ ಲೋಟ. ಹಾಲಾ, ರಾಗಿಹಾಲಾ ಅಂತ ಎಲ್ಲರನ್ನೂ ಕೇಳ್ತೀನಿ. ಬೇಕಾದ್ದು ಹಾಕಿಸ್ಕೊಳ್ಲಿ. ಚೀಟಿ ಯಾಕೆ? ಅವರ ಹೊಟ್ಟೆ ಅವರಿಗೆ ಗೊತ್ತಿರಲ್ವಾ?"

ಯಾರೋ ಒಬ್ಬರು "ಸರಿಯಾಗಿ ಹೇಳಿದ್ರು" ಎಂದರು. ಮುಖ್ಯೋಪಾಧ್ಯಾಯರು ಕನ್ನಡಕ ಹಾಕಿಕೊಂಡು, ತಾವೇ ಬರೆದುಕೊಂಡು ಬಂದಿದ್ದ ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡರು. "ಹಾಗೇ ಆಗ್ಲಿ. ಟ್ರಸ್ಟ್‌ನೋರ ಹತ್ರ ನಾನು ಮಾತಾಡ್ತೀನಿ" ಎಂದರು. ಹೇಳಿದಂತೆ ಮಾತಾಡಿಯೂ ಬಂದರು. ಅವರಲ್ಲಿ ಅಂಥ ಧೈರ್ಯವನ್ನು ನಾನು ಎಣಿಸಿರಲಿಲ್ಲ. ಆ ಸಭೆ ಮುಗಿದ ಮೇಲೆ ತಾಯಿ ನನ್ನ ಹತ್ತಿರ ಬಂದು, "ಜೋರಾಗಿ ಮಾತಾಡ್ಬಿಟ್ನಾ ಮಿಸ್?" ಎಂದು ಕೇಳಿದಳು. ಇಲ್ಲ ಎಂದೆ.

ಎರಡು ಪಾತ್ರೆ ಇಟ್ಟ ಮೊದಲ ದಿನ ಬೆಳಗಿನಿಂದ ನನಗೆ ಒಂದೇ ಯೋಚನೆ. ಆ ಆರು ಮಕ್ಕಳು ಮಾತ್ರ ರಾಗಿಹಾಲು ತೆಗೆದುಕೊಂಡರೆ? ಲೈನು ಒಂದೇ ಆದರೂ ಲೋಟದ ಬಣ್ಣ ನೋಡಿ ಎಲ್ಲರಿಗೂ ತಿಳಿಯುತ್ತದಲ್ಲ? ಹುಡುಗಿ ಲೈನಿನ ಕೊನೆಯ ಭಾಗದಲ್ಲಿ ನಿಂತಿದ್ದಳು. ಅಕ್ಕ ಸೌಟು ಹಿಡಿದು ಮೊದಲನೆಯವನನ್ನು ಕೇಳಿದಳು.

"ಹಾಲಾ, ರಾಗಿಹಾಲಾ?"

"ಏಲಕ್ಕಿ ಇರೋದು!"

ಎರಡನೆಯವಳೂ ಅದನ್ನೇ ಕೇಳಿದಳು. ಮೂರನೆಯವನು ಅರ್ಧ ಅದು, ಅರ್ಧ ಇದು ಎಂದು ಬೇಡಿ ಬೈಸಿಕೊಂಡ. ಹೊಸದರ ಮೇಲಿನ ಆಸೆಗೆ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ರಾಗಿಹಾಲಿಗೇ ಲೋಟ ಒಡ್ಡಿದರು. ಈಗ ನನಗೆ ಬೇರೆ ಭಯ ಹಿಡಿಯಿತು. ಪಾತ್ರೆ ಬೇಗ ಬೇಗ ಇಳಿಯುತ್ತಿತ್ತು, ಕೊನೆಯಲ್ಲಿರುವವಳಿಗೆ ಉಳಿಯದಿದ್ದರೆ? ಹುಡುಗಿಯೂ ಕತ್ತು ಉದ್ದ ಮಾಡಿ ನೋಡುತ್ತಿದ್ದಳು. ಅವಳ ಸರದಿ ಬಂದಾಗ ಅಕ್ಕ ಪಾತ್ರೆಯನ್ನು ವಾರೆ ಮಾಡಿ, ತಳ ಬಳಿದು, ಲೋಟ ತುಂಬ ಹಾಕಿದಳು. ಹುಡುಗಿ ಲೋಟವನ್ನು ಎರಡು ಕೈಯಲ್ಲಿ ಹಿಡಿದು, ಗೆಳತಿಯರ ಮಧ್ಯೆ ಹೋಗಿ ಕೂತು, ಮಾತಾಡುತ್ತಾ ನಿಧಾನವಾಗಿ ಕುಡಿದಳು. ಕಣ್ಣು ಮುಚ್ಚಿಕೊಳ್ಳಲಿಲ್ಲ.

ಗಣಿತದ ಪೀರಿಯಡ್ಡಿನಲ್ಲಿ ನಾನು ಬೋರ್ಡಿನ ಮೇಲೆ ಒಂದೇ ಲೆಕ್ಕವನ್ನು ಎರಡು ಸಲ ಬರೆದೆ. ಕಣ್ಣು ಮತ್ತೆ ಮತ್ತೆ ಆ ಬೆಂಚಿಗೆ ಹೋಗುತ್ತಿತ್ತು. ಅರ್ಧ ಗಂಟೆಯಾದ ಮೇಲೆ ಅವಳ ಕೈ ಮೇಲೆದ್ದಿತು.

"ಏನಮ್ಮಾ?"

"ಮಿಸ್, ಛೇದ ಎರಡೂ ಕಡೆ ಒಂದೇ ಇದ್ರೆ ಮೇಲಿಂದು ಮಾತ್ರ ಕೂಡಿದ್ರೆ ಸಾಕಾ?"

ಸಾಕು ಎಂದೆ. ಎಂದವಳು ಸೀಮೆಸುಣ್ಣ ಕೆಳಗಿಟ್ಟು ಕುರ್ಚಿಯಲ್ಲಿ ಕೂತುಬಿಟ್ಟೆ.

ಹೊಸತರ ಹುಮ್ಮಸ್ಸು ಇಳಿದ ಮೇಲೆ ಬಹಳ ಮಕ್ಕಳು ಹಾಲಿಗೇ ಮರಳಿದರು. ಕೆಲವರು ಒಂದು ದಿನ ಅದು, ಒಂದು ದಿನ ಇದು. ಯಾರು ಯಾಕೆ ಯಾವುದನ್ನು ಕುಡಿಯುತ್ತಾರೆ ಎಂದು ಈಗ ಯಾರಿಗೂ ನೆನಪಿಲ್ಲ. ಟ್ರಸ್ಟ್‌ನ ಹಿರಿಯರೊಬ್ಬರು ಒಮ್ಮೆ ಬಂದು ಎರಡನ್ನೂ ಒಂದೊಂದು ಲೋಟ ಕುಡಿದು, ಎರಡೂ ಚೆನ್ನಾಗಿದೆ ಎಂದು ಹೋದರು. ನಾನು ಲೋಟದ ತಳ ಬಗ್ಗಿ ನೋಡುವುದನ್ನು ಬಿಟ್ಟಿದ್ದೇನೆ. ಕೆಲವು ದಿನ ಹಾಲು ಉಳಿಯುತ್ತದೆ. ಅಕ್ಕ ಅದಕ್ಕೆ ಹೆಪ್ಪು ಹಾಕುತ್ತಾಳೆ.

ಆ ಶಾಲಾ ವರ್ಷದ ಫೆಬ್ರವರಿಯ ಒಂದು ಮಧ್ಯಾಹ್ನ ಗಣಿತ ನಡೆಯುತ್ತಿದ್ದಾಗ ಹಿಂದಿನ ಬೆಂಚಿನಲ್ಲಿ ಕಿಸಿಕಿಸಿ ನಗು. ನೋಡಿದರೆ ಅವಳೇ. ಪಕ್ಕದ ಹುಡುಗಿಯ ಕಿವಿಯಲ್ಲಿ ಏನೋ ಹೇಳಿ, ಹೇಳಿದ್ದಕ್ಕೆ ತಾನೇ ತಡೆಯಲಾರದೆ ಬೆಂಚಿಗೆ ಹಣೆ ಒರಗಿಸಿ ನಗುತ್ತಿದ್ದಳು. ಕೆನ್ನೆ ತುಂಬಿಕೊಂಡಿತ್ತು. ಸ್ವೆಟರಿನ ತೋಳು ಗಿಡ್ಡವಾಗಿತ್ತು. ನಾನು ದನಿ ಎತ್ತರಿಸಿ ಅವಳ ಹೆಸರು ಹಿಡಿದು ಕೂಗಿ, ಎದ್ದು ನಿಲ್ಲಿಸಿ, ಏನದು ಗಲಾಟೆ ಎಂದು ಚೆನ್ನಾಗಿ ಬೈದೆ. ಅವಳು "ಸಾರಿ ಮಿಸ್" ಎಂದು ತುಟಿ ಕಚ್ಚಿಕೊಂಡು ನಿಂತಳು. ನಗು ಇನ್ನೂ ಕಣ್ಣಲ್ಲೇ ಇತ್ತು. ಕೂತ್ಕೋ ಎಂದು ಹೇಳಿ, ನಾನು ಬೇಗನೆ ಬೋರ್ಡಿನ ಕಡೆ ತಿರುಗಿಕೊಂಡೆ, ನನ್ನ ಮುಖ ಮಕ್ಕಳಿಗೆ ಕಾಣಬಾರದೆಂದು.